ಗಡಿಗಾಗಿ ಹುಟ್ಟಿದ ಕೋಟೆ: ವಸ್ತ್‌ಸೆಲೀನಾ

ಎಸ್ಟೋನಿಯಾದ ಆಗ್ನೇಯ ಮೂಲೆಯಲ್ಲಿರುವ ವಸ್ತ್‌ಸೆಲೀನಾ ಕೋಟೆಯ ಚಿತ್ರ ಕಳೆದ ಸಂಚಿಕೆಯಲ್ಲಿ ಅಚ್ಚಾಯಿತು. ಆಮೇಲೆ ಬಂದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರ ಬರೆದಿದ್ದೇನೆ. ಒಂದೇ ಪ್ರಶ್ನೆಯನ್ನು ಹಲವರು ಕೇಳಿದ್ದರೆ ಒಂದೇ ಕಡೆ ಸೇರಿಸಿದ್ದೇನೆ.

ಮಾನ್ಯರೇ, ಚಿತ್ರದಲ್ಲಿ ಕಾಣುವುದು ಹೊಲ, ಕಾಡು, ನಾಲ್ಕಾರು ಮನೆ. ನಡುವೆ ಮುರಿದು ನಿಂತ ಅಷ್ಟು ದೊಡ್ಡ ಗೋಪುರ. ಊರು ಮೊದಲೋ ಕೋಟೆ ಮೊದಲೋ? ರಾಜಧಾನಿಯಲ್ಲ, ಬಂದರಲ್ಲ, ಅಂಥ ಕಡೆ ಅಷ್ಟೊಂದು ಖರ್ಚು ಮಾಡಿದ್ದೇಕೆ?
– ನಿವೃತ್ತ ಶಿಕ್ಷಕರು, ಶಿವಮೊಗ್ಗ

ಆ ಸೀಮೆಯಲ್ಲಿ ಬೇಸಾಯಗಾರರು ಕೋಟೆಗಿಂತ ಎಷ್ಟೋ ಹಿಂದಿನಿಂದ ಇದ್ದರು. ಉಗಾಂಡಿ ಎಂದು ಕರೆಯುತ್ತಿದ್ದ ಹಳೆಯ ಎಸ್ಟೋನಿಯನ್ ನಾಡು ಅದು. ಆದರೆ ಇಂದು ವಾನಾ-ವಸ್ತ್‌ಸೆಲೀನಾ, ಅಂದರೆ ಹಳೆಯ ವಸ್ತ್‌ಸೆಲೀನಾ ಎನ್ನುವ ಈ ಹಳ್ಳಿಗೆ ಹೆಸರೂ ನೆಲೆಯೂ ಸಿಕ್ಕಿದ್ದು ಕೋಟೆಯಿಂದ. ಜರ್ಮನ್ನರು ಇದನ್ನು ನಾಯ್‌ಹೌಸೆನ್ ಎಂದರು. ಕೋಟೆಯ ಅಡಿಗಲ್ಲು ಬಿದ್ದದ್ದು 1342ರಲ್ಲಿ ಕ್ರೈಸ್ತರ ಮಂಗಳವಾರ್ತೆಯ ಹಬ್ಬದಂದು. ಇಂದು ಲ್ಯಾಟ್ವಿಯಾದಲ್ಲಿರುವ ಅಲೂಕ್ಸ್ನೆಯ ಕೋಟೆಯನ್ನೂ ಅದೇ ಸಮಯದಲ್ಲಿ ಕಟ್ಟತೊಡಗಿದರು. ಕಟ್ಟಿಸಿದವನು ಲಿವೋನಿಯನ್ ಆರ್ಡರ್ ಎಂಬ ಯೋಧ-ಸನ್ಯಾಸಿಗಳ ಸಂಘದ ಮುಖ್ಯಸ್ಥ ಬುರ್ಖಾರ್ಡ್ ಫಾನ್ ಡ್ರೈಲೇಬೆನ್.

ಖರ್ಚಿನ ಕಾರಣ ಭೂಪಟದಲ್ಲೇ ಇದೆ. ಕೋಟೆಯಿಂದ ಪೂರ್ವಕ್ಕೆ ಹೊರಟರೆ ಇಜ್ಬೋರ್ಸ್ಕ್, ಅದನ್ನು ದಾಟಿದರೆ ಪ್ಸ್ಕೋವ್. ಪಶ್ಚಿಮದಲ್ಲಿ ಲ್ಯಾಟಿನ್ ಕ್ರೈಸ್ತರ ಲಿವೋನಿಯಾ, ಪೂರ್ವದಲ್ಲಿ ಆರ್ಥಡಾಕ್ಸ್ ಕ್ರೈಸ್ತರ ರಷ್ಯನ್ ನಗರಗಳು. ಎರಡರ ನಡುವೆ ವ್ಯಾಪಾರ ನಡೆಯುತ್ತಿತ್ತು, ದಾಳಿಯೂ ನಡೆಯುತ್ತಿತ್ತು. ವರ್ತಕರ ಗಾಡಿ ಬರುವ ದಾರಿಯಲ್ಲೇ ದಂಡೂ ಬರುತ್ತಿತ್ತು. ಆ ದಾರಿಯ ಮೇಲೆ ಕಣ್ಣಿಡಲು ಕೋಟೆ ಬೇಕಾಯಿತು.

ಜಾಗದ ಆಯ್ಕೆ ಬಲು ಜಾಣತನದ್ದು. ಮೇಕ್ಸಿ ಎಂಬ ತೊರೆ ಪಿಯುಸಾ ನದಿಯನ್ನು ಸೇರುವ ಕಡೆ, ಎರಡು ಆಳವಾದ ಕಣಿವೆಗಳ ನಡುವೆ ಮೂಗಿನಂತೆ ಚಾಚಿದ ದಿಬ್ಬ. ಪಿಯುಸಾ ಚಿಕ್ಕ ನದಿ. ಆದರೆ ಉಗಮದಿಂದ ಕೊನೆಯವರೆಗೆ 200 ಮೀಟರಿಗೂ ಹೆಚ್ಚು ಇಳಿಯುತ್ತದೆ. ಎಸ್ಟೋನಿಯಾದ ಯಾವ ನದಿಯೂ ಇಷ್ಟು ಇಳಿಯುವುದಿಲ್ಲ. ಚಪ್ಪಟೆ ನಾಡಿನಲ್ಲಿ ಇಂಥ ಕಡಿದಾದ ದಂಡೆ ಅಪರೂಪ. ದಿಬ್ಬಕ್ಕೆ ಸಹಜವಾಗಿ ಕಾವಲಿಲ್ಲದ ಕಡೆಯನ್ನಷ್ಟೇ ಕಂದಕದಿಂದ ಭದ್ರ ಮಾಡಬೇಕಿತ್ತು. ಮೊದಲು ಎದ್ದದ್ದು ಒಂದು ಚೌಕ ಗೋಪುರಕೋಟೆ. ತೋಪುಗಳ ಕಾಲ ಬಂದ ಮೇಲೆ ಅದರ ಸುತ್ತ ಅಗಲವಾದ ಹೊರಅಂಗಳ, ಗೋಡೆ, ಮೂಲೆಗಳಲ್ಲಿ ದಪ್ಪ ಬುರುಜುಗಳು ಬೆಳೆದವು. ಹಿಮನದಿಗಳು ಬಿಟ್ಟುಹೋದ ಗ್ರಾನೈಟ್ ಗುಂಡುಗಳು, ಸುಣ್ಣಕಲ್ಲು, ಕೆಂಪು ಇಟ್ಟಿಗೆ ಇವೇ ಅದರ ಸಾಮಗ್ರಿ. ಉಳಿದಿರುವ ಗೋಪುರದ ಮೈಮೇಲೆ ಇಟ್ಟಿಗೆಯಲ್ಲಿ ಬಿಟ್ಟ ಅಲಂಕಾರದ ಗೂಡುಗಳನ್ನು ಇವತ್ತಿಗೂ ನೋಡಬಹುದು.

ಕಟ್ಟಿದ್ದು ಯೋಧರ ಸಂಘ, ಆದರೆ ಪುಸ್ತಕಗಳಲ್ಲಿ ಇದನ್ನು ಬಿಷಪ್ಪನ ಕೋಟೆ ಎನ್ನುತ್ತಾರೆ. ಯಾವುದು ಸರಿ?
– ಎಂ.ಎ. ವಿದ್ಯಾರ್ಥಿನಿ, ಮೈಸೂರು

ಎರಡೂ ಸರಿ. ಲಿವೋನಿಯಾ ಒಂದೇ ರಾಜ್ಯವಾಗಿರಲಿಲ್ಲ. ಧರ್ಮಯುದ್ಧದ ಹೆಸರಿನಲ್ಲಿ ಗೆದ್ದ ನೆಲವನ್ನು ಆರ್ಡರ್ ಮತ್ತು ಬಿಷಪ್ಪರು ಹಂಚಿಕೊಂಡಿದ್ದರು. 1224ರಲ್ಲಿ ತಾರ್ತು ಪಟ್ಟಣ ಅವರ ಕೈಸೇರಿತು, ಅದರ ಸುತ್ತಲ ಆಗ್ನೇಯ ಸೀಮೆ ತಾರ್ತುವಿನ ಬಿಷಪ್ಪನ ಪಾಲಾಯಿತು. ವಸ್ತ್‌ಸೆಲೀನಾ ಇದ್ದದ್ದು ಆ ಪಾಲಿನ ಕಟ್ಟಕಡೆಯ ಅಂಚಿನಲ್ಲಿ. ಹೊರಗಿನ ಅಪಾಯ ಇಬ್ಬರಿಗೂ ಒಂದೇ ಆದ್ದರಿಂದ ಸೇನಾಬಲವಿದ್ದ ಆರ್ಡರ್ ಕಟ್ಟಿಸಿತು. ಒಡೆತನ ನೆಲದ ಒಡೆಯನಾದ ಬಿಷಪ್ಪನದಾಯಿತು. ಇದನ್ನು ಅವರ ಸ್ನೇಹದ ಗುರುತೆಂದು ಓದಬೇಡಿ. ಬಿಷಪ್ಪರಿಗೂ ಆರ್ಡರಿಗೂ ಶತಮಾನಗಟ್ಟಲೆ ಜಗಳ ನಡೆಯಿತು, ಅದರ ಬೆಲೆಯನ್ನು 1558ರಲ್ಲಿ ಇದೇ ಕೋಟೆ ತೆತ್ತಿತು. ಆ ಮಾತು ಮುಂದೆ ಬರುತ್ತದೆ.

ನೀವು ಸಂಶೋಧನೆಗೆ ವಿಷಯ ಹುಡುಕುತ್ತಿದ್ದೀರಿ ಎಂದು ಬರೆದಿದ್ದೀರಿ. ಕೋಟೆಗೆ ಅಡಿಗಲ್ಲು ಹಾಕಿದ ಮರುವರ್ಷ, 1343ರ ಏಪ್ರಿಲ್‌ನಲ್ಲಿ, ಡೆನ್ಮಾರ್ಕಿನ ಆಳ್ವಿಕೆಯಲ್ಲಿದ್ದ ಉತ್ತರ ಎಸ್ಟೋನಿಯಾದ ರೈತರು ಒಡೆಯರ ವಿರುದ್ಧ ಎದ್ದರು. ಸಂತ ಜಾರ್ಜ್ ರಾತ್ರಿಯ ದಂಗೆ ಎಂದು ಅದಕ್ಕೆ ಹೆಸರು. ಅದನ್ನು ರಕ್ತದಲ್ಲಿ ಅದ್ದಿ ಅಡಗಿಸಿದವನೂ ಇದೇ ಡ್ರೈಲೇಬೆನ್. 1346ರಲ್ಲಿ ಡೆನ್ಮಾರ್ಕಿನ ದೊರೆ ಆ ಸೀಮೆಯನ್ನೇ 19,000 ಬೆಳ್ಳಿ ಮಾರ್ಕುಗಳಿಗೆ ಮಾರಿಬಿಟ್ಟ. ಗಡಿಕೋಟೆ ಮತ್ತು ದಂಗೆ, ಎರಡನ್ನೂ ಜೊತೆಗಿಟ್ಟು ನೋಡಿ. ಹೊರಗಿನ ಶತ್ರುವಿನಷ್ಟೇ ಒಳಗಿನ ಪ್ರಜೆಗಳಿಗೂ ಈ ಒಡೆಯರು ಹೆದರುತ್ತಿದ್ದರು ಎಂಬುದು ನನ್ನ ತೀರ್ಮಾನ.

ಕೋಟೆಯೊಳಗೆ ಶಿಲುಬೆ ತಾನಾಗಿಯೇ ಚಲಿಸಿತಂತೆ, ಜನ ಯಾತ್ರೆ ಬರುತ್ತಿದ್ದರಂತೆ. ಇತಿಹಾಸಕಾರರಾಗಿ ನೀವು ಇದನ್ನು ನಂಬುತ್ತೀರಾ?
– ಓದುಗರು, ಮಂಗಳೂರು (ಇದೇ ಪ್ರಶ್ನೆ ಉಡುಪಿ ಮತ್ತು ಬಳ್ಳಾರಿಯಿಂದಲೂ ಬಂದಿದೆ)

ಮೊದಲು ಹೇಳಿಕೆಯನ್ನು ಕೇಳೋಣ. 1353ರಲ್ಲಿ, ಯಾರೂ ಇಲ್ಲದ ಕೋಟೆಯ ಪ್ರಾರ್ಥನಾಮಂದಿರದಿಂದ ಇಂಪಾದ ಸಂಗೀತ ಕೇಳಿಬಂತು, ಬೆಳಕು ಕಂಡಿತು. ಒಳಗೆ ಹೋಗಿ ನೋಡಿದವರಿಗೆ, ಗೋಡೆಯಲ್ಲಿದ್ದ ಶಿಲುಬೆ ಯಾವ ಆಸರೆಯೂ ಇಲ್ಲದೆ ಪೂಜಾಪೀಠದ ಮೇಲೆ ನಿಂತಿತ್ತು. ಆಮೇಲೆ ಅಲ್ಲಿಗೆ ಬಂದ ಕುರುಡರಿಗೆ ಕಣ್ಣು ಬಂತು, ಕಾಯಿಲೆಯವರು ಗುಣವಾದರು ಎಂದು ಸುದ್ದಿ ಹಬ್ಬಿತು. ಸುದ್ದಿ ಊರಲ್ಲೇ ನಿಲ್ಲಲಿಲ್ಲ. ಆಗ ಪೋಪರು ರೋಮಿನಲ್ಲಿರದೆ ಫ್ರಾನ್ಸಿನ ಅವಿನ್ಯೋನಿನಲ್ಲಿದ್ದರು. ಅಲ್ಲಿಂದ ಆರನೆಯ ಇನ್ನೊಸೆಂಟ್ 1354ರಲ್ಲಿ ವಸ್ತ್‌ಸೆಲೀನಾಕ್ಕೆ ಬರುವ ಯಾತ್ರಿಕರಿಗೆ ಪಾಪಶಿಕ್ಷೆಯಿಂದ ವಿನಾಯಿತಿ ದಯಪಾಲಿಸಿದ. ಹೀಗೆ, ದಾಳಿ ತಡೆಯಲೆಂದು ಕಟ್ಟಿದ ಕೋಟೆ ಹತ್ತು-ಹನ್ನೆರಡು ವರ್ಷಗಳಲ್ಲೇ ದೂರದ ಜರ್ಮನ್ ನಾಡುಗಳವರೆಗೂ ಹೆಸರಾದ ಯಾತ್ರಾಸ್ಥಳವಾಯಿತು.

ನಿಮ್ಮ ಪ್ರಶ್ನೆ ನೇರವಾಗಿದೆ, ಉತ್ತರವೂ ನೇರವಾಗಿರಲಿ. ಶಿಲುಬೆ ತಾನಾಗಿ ಚಲಿಸಿತೆಂದು ನಾನು ನಂಬುವುದಿಲ್ಲ. ಆದರೆ ಜನ ನಂಬಿದರು ಎಂಬುದು, ಶಿಲುಬೆಯ ಮುಂದೆ ಮೊಣಕಾಲೂರಲು ವಾರಗಟ್ಟಲೆ ನಡೆದುಬಂದರು ಎಂಬುದು ಚರಿತ್ರೆ. ಅದನ್ನು ಬದಿಗೆ ಸರಿಸಿದರೆ ಈ ಹಳ್ಳಿ ನಮಗೆ ಅರ್ಥವೇ ಆಗುವುದಿಲ್ಲ. ಕಾಲವನ್ನು ಗಮನಿಸಿ. 1347ರಿಂದ ನಾಲ್ಕೈದು ವರ್ಷ ಯುರೋಪನ್ನು ಪ್ಲೇಗ್ ಹಿಂಡಿತ್ತು. ಮನೆಮನೆಯಲ್ಲೂ ಸಾವು ಕಂಡ ಆ ಜನಕ್ಕೆ ವಾಸಿಯಾದವರ ಸುದ್ದಿ ಎಷ್ಟು ದೊಡ್ಡ ಸುದ್ದಿಯಾಗಿದ್ದಿರಬೇಕು!

ಬಿಷಪ್ಪನಿಗೆ ಲಾಭವಿತ್ತು, ನಿಜ. ಯಾತ್ರಿಕರು ಬಂದರೆ ಕಾಣಿಕೆ ಬರುತ್ತದೆ, ಊಟ-ವಸತಿಯ ವ್ಯಾಪಾರ ಬೆಳೆಯುತ್ತದೆ. ಆರ್ಥಡಾಕ್ಸ್ ಪ್ಸ್ಕೋವಿನ ಎದುರಿಗೇ ಲ್ಯಾಟಿನ್ ಕ್ರೈಸ್ತರ ಪವಾಡ ನಡೆಯಿತು ಎಂಬ ಹೆಮ್ಮೆ ಬೇರೆ. ಆದರೂ ಇಡೀ ಸಂಗತಿಯನ್ನು ಪಾದ್ರಿಗಳ ಹೂಟ ಎಂದು ತಳ್ಳಿಹಾಕುವ ಬರಹಗಳನ್ನು ಓದಿದಾಗ ನನಗೆ ಬೇಸರವಾಗುತ್ತದೆ. ಅಲ್ಲಿ ನಡೆದುಬಂದವರ ಸಂಕಟ ಹೂಟವಾಗಿರಲಿಲ್ಲ. ಪಾಪಶಿಕ್ಷೆಯ ವಿನಾಯಿತಿ ಎಂದರೆ ಪಾಪವನ್ನೇ ದುಡ್ಡಿಗೆ ತೊಳೆಯುವುದು ಎಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಕ್ಯಾಥೊಲಿಕ್ ಧರ್ಮಸಭೆಯ ಬೋಧನೆಯಲ್ಲಿ ಅದರ ಅರ್ಥ ಬೇರೆ: ಪಶ್ಚಾತ್ತಾಪಪಟ್ಟು ಪಾಪನಿವೇದನೆ ಮಾಡಿದವನು ಅನುಭವಿಸಬೇಕಾದ ಶಿಕ್ಷೆಯಲ್ಲಿ ಒಂದಿಷ್ಟು ಕಡಿತ. ದುಡ್ಡಿನ ದುರುಪಯೋಗ ಬೆಳೆದು ಅದರ ವಿರುದ್ಧ ಧರ್ಮಸುಧಾರಕ ಲೂಥರ್ ಎದ್ದದ್ದು 1517ರಲ್ಲಿ. ಆ ಅಲೆ ಬೇಗನೆ ಇಲ್ಲಿಗೂ ಬಂತು. 1525ರಲ್ಲಿ ತಾರ್ತುವಿನ ಜನ ಚರ್ಚುಗಳಿಗೆ ನುಗ್ಗಿ ವಿಗ್ರಹಗಳನ್ನು ಒಡೆದರು. ಅಂಥ ಗಾಳಿಯಲ್ಲಿ ವಸ್ತ್‌ಸೆಲೀನಾದ ಯಾತ್ರೆಯ ಮಹಿಮೆಯೂ ಕುಂದಿತು.

ಅಷ್ಟು ಗಟ್ಟಿ ಕೋಟೆ ರಷ್ಯನ್ನರಿಗೆ ಹೇಗೆ ಸೋತಿತು?
– ಓದುಗರು, ಕಲಬುರಗಿ

ಹಿನ್ನೆಲೆಯಲ್ಲಿ ಒಂದು ಕಪ್ಪದ ಜಗಳವಿದೆ. 1554ರ ಒಪ್ಪಂದದಲ್ಲಿ ತಾರ್ತು ಬಿಷಪ್ಪನ ಸೀಮೆಯಿಂದ ತನಗೆ ಹಳೆಯ ಕಪ್ಪ ಬಾಕಿಯಿದೆ ಎಂದು ಮಾಸ್ಕೋದ ನಾಲ್ಕನೆಯ ಇವಾನ್ ಪಟ್ಟುಹಿಡಿದ. ತಲೆಗೊಂದು ಮಾರ್ಕಿನ ಲೆಕ್ಕ. ಲಿವೋನಿಯಾದ ಪ್ರತಿನಿಧಿಗಳು ಒಪ್ಪಿ ಬಂದರು, ಹಣ ಕೊಡದೆ ದಿನ ತಳ್ಳಿದರು. 1558ರ ಜನವರಿಯಲ್ಲಿ ರಷ್ಯನ್ ಪಡೆ ಗಡಿ ದಾಟಿದ್ದು ಇದೇ ವಸ್ತ್‌ಸೆಲೀನಾದ ಸೀಮೆಯಲ್ಲಿ. ಆ ಸಲ ಅವರು ಹಳ್ಳಿಗಳನ್ನು ಸುಟ್ಟು ಹಿಂದಿರುಗಿದರು. ಮೇ ತಿಂಗಳಲ್ಲಿ ನಾರ್ವಾ ಪಟ್ಟಣ ಬಿತ್ತು. ಬೇಸಿಗೆಯಲ್ಲಿ ರಷ್ಯನ್ ಸೇನಾಪತಿ ಪ್ಯೋತರ್ ಶುಯ್‌ಸ್ಕಿಯ ದೊಡ್ಡ ಸೈನ್ಯ ತೋಪುಗಳನ್ನು ಎಳೆದುಕೊಂಡು ಬಂದು ವಸ್ತ್‌ಸೆಲೀನಾಕ್ಕೆ ಮುತ್ತಿಗೆ ಹಾಕಿತು.

ಕೋಟೆಯ ದಳಪತಿ ಗಿಯೋರ್ಗ್ ಫಾನ್ ಯುಕ್ಸ್‌ಕ್ಯುಲ್. ಅವನ ಬಳಿಯಿದ್ದದ್ದು ಸಣ್ಣ ಕಾವಲುಪಡೆ. ಅವನು ಕಾದದ್ದು ನೆರವಿಗಾಗಿ, ಆ ನೆರವು ದೂರವೇನೂ ಇರಲಿಲ್ಲ. ಆರ್ಡರಿನ ಮುಖ್ಯಸ್ಥ ಫ್ಯುರ್ಸ್ಟೆನ್‌ಬೆರ್ಗ್ ತನ್ನ ದಂಡಿನೊಂದಿಗೆ ಹತ್ತಿರದ ಕಿರುಂಪ್ಯಾದಲ್ಲೇ ಬೀಡುಬಿಟ್ಟಿದ್ದ. ಅವನು ಬರಲಿಲ್ಲ. ತೋಪಿನ ಗುಂಡಿಗೆ ಗೋಡೆಗಳು ಒಡೆದವು, ಒಳಗಿನವರ ಕೈ ಸೋತಿತು; ಜೂನ್ 30ರಂದು ಕೋಟೆಯನ್ನು ಒಪ್ಪಿಸಿದರು. ಶತ್ರುವೇ ಅವರ ಧೈರ್ಯಕ್ಕೆ ಗೌರವ ತೋರಿಸಿ ಹೊರನಡೆಯಲು ಬಿಟ್ಟ. ಸುದ್ದಿ ತಿಳಿದು ಫ್ಯುರ್ಸ್ಟೆನ್‌ಬೆರ್ಗ್ ಹಿಂದೆಗೆದ, ಜುಲೈ 18ಕ್ಕೆ ತಾರ್ತುವೇ ಶರಣಾಯಿತು. ಬಿಷಪ್ಪನ ರಾಜ್ಯ ಅಲ್ಲಿಗೆ ಮುಗಿಯಿತು.

ವಸ್ತ್‌ಸೆಲೀನಾ ಸೋತದ್ದು ಗೋಡೆಯ ದೌರ್ಬಲ್ಯದಿಂದ ಎಂದು ಬರೆಯುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಆ ಗೋಡೆಗಳು ತಮ್ಮ ಕೆಲಸ ಮಾಡಿದವು, ನೆರವಿನ ದಂಡಿಗೆ ಬೇಕಾದಷ್ಟು ಕಾಲಾವಕಾಶ ಒದಗಿಸಿಕೊಟ್ಟವು. ಆ ಕಾಲಾವಕಾಶವನ್ನು ಬಳಸಿಕೊಳ್ಳಲು ಒಡೆಯರಲ್ಲಿ ಒಗ್ಗಟ್ಟಿರಲಿಲ್ಲ.

ಆಮೇಲೆ ಕೋಟೆ ಯಾರ ಕೈಯಲ್ಲಿತ್ತು? ಕೆಡವಿದ್ದು ಯಾರು?
– ಪಿಯುಸಿ ವಿದ್ಯಾರ್ಥಿ, ಹುಬ್ಬಳ್ಳಿ

ಇಪ್ಪತ್ತು ವರ್ಷಕ್ಕೂ ಮೇಲೆ ರಷ್ಯನ್ನರು. 1582ರ ಶಾಂತಿ ಒಪ್ಪಂದದ ನಂತರ ಪೋಲೆಂಡ್. 1620ರ ದಶಕದಿಂದ ಸ್ವೀಡನ್. 1700ರಲ್ಲಿ ಸ್ವೀಡನ್ನಿಗೂ ರಷ್ಯಾಕ್ಕೂ ನಡುವೆ ಉತ್ತರ ಮಹಾಯುದ್ಧ ಶುರುವಾಗಿ, ಮೊದಲ ವರ್ಷಗಳಲ್ಲೇ ಕೋಟೆ ಹಾಳುಬಿತ್ತು. ಮತ್ತೆ ಯಾರೂ ಕಟ್ಟಲಿಲ್ಲ. 1721ರ ನ್ಯೂಸ್ತಾದ್ ಒಪ್ಪಂದದ ಪ್ರಕಾರ ಗಡಿಯ ಎರಡೂ ಕಡೆ ರಷ್ಯದ ತ್ಸಾರನ ನೆಲವಾದ ಮೇಲೆ ಗಡಿಕೋಟೆಗೆ ಕೆಲಸವೇ ಇರಲಿಲ್ಲ.

ಸ್ವಾಮೀ, ಕಟ್ಟಿಸಿದವರ ಹೆಸರು ಬರೆದಿರಿ. ಕಲ್ಲು ಹೊತ್ತವರು ಯಾರು? ಏನು ಬೆಳೀತಿದ್ದರು, ಏನು ಉಣ್ಣುತಿದ್ದರು? ಅವರ ಸಂಗತಿ ಒಂದು ಸಾಲೂ ಇಲ್ಲವಲ್ಲ.
– ರೈತರು, ತಿಪಟೂರು

ಬಂದ ಪತ್ರಗಳಲ್ಲಿ ನನಗೆ ಅತಿ ಮುಖ್ಯವೆನಿಸಿದ್ದು ನಿಮ್ಮದು. ಕಲ್ಲು ಹೊತ್ತವರು ಅಲ್ಲಿನ ಎಸ್ಟೋನಿಯನ್ ರೈತರು. ಕೋಟೆಯೊಳಗಿನ ಮಾತು ಜರ್ಮನ್, ಬರಹ ಲ್ಯಾಟಿನ್ ಮತ್ತು ಜರ್ಮನ್. ಹೊರಗೆ ಹೊಲದಲ್ಲಿ ಆಡುತ್ತಿದ್ದದ್ದು ದಕ್ಷಿಣ ಎಸ್ಟೋನಿಯನ್ ನುಡಿ. ದಸ್ತಾವೇಜುಗಳು ಒಡೆಯನ ಭಾಷೆಯಲ್ಲಿರುವುದರಿಂದ ರೈತ ಅವುಗಳಲ್ಲಿ ಕಾಣಿಸಿಕೊಳ್ಳುವುದು ತೆರಿಗೆಯ ಲೆಕ್ಕವಾಗಿ ಮಾತ್ರ.

ಅವರ ಮುಖ್ಯ ಬೆಳೆ ರೈ. ಗೋಧಿಯ ಜಾತಿಗೆ ಹತ್ತಿರದ, ಚಳಿ ತಡೆಯುವ ಧಾನ್ಯ. ಅದರ ಕಪ್ಪು ರೊಟ್ಟಿಯೇ ನಿತ್ಯದ ಊಟ. ಗಂಜಿಗೂ ಬಿಯರಿಗೂ ಬಾರ್ಲಿ. ನಾರಿಗಾಗಿ ಅಗಸೆ. ಕಾಡು ಕಡಿದು ಸುಟ್ಟು, ಬೂದಿಯಲ್ಲಿ ಬಿತ್ತುವ ಪದ್ಧತಿಯೂ ಇತ್ತು. ಬೆಳೆದದ್ದರಲ್ಲಿ ಹತ್ತನೆಯ ಒಂದು ಪಾಲೋ ಅದಕ್ಕೂ ಹೆಚ್ಚೋ ಒಡೆಯನಿಗೆ. ಅದರ ಮೇಲೆ ಬಿಟ್ಟಿ ಚಾಕರಿ: ಗಾಡಿ ಹೊಡೆಯುವುದು, ಕಲ್ಲು ಸಾಗಿಸುವುದು, ಒಡೆಯನ ಹೊಲದಲ್ಲಿ ದುಡಿಯುವುದು. ಹದಿನೈದನೆಯ ಶತಮಾನದಿಂದೀಚೆಗೆ ಊರು ಬಿಟ್ಟು ಹೋಗುವ ಹಕ್ಕೂ ಕೈಜಾರತೊಡಗಿತು, ಕೊನೆಗೆ ರೈತ ನೆಲಕ್ಕೆ ಕಟ್ಟಿಬಿದ್ದ ಜೀತಗಾರನಾದ.

ಅವರ ಮನೆಯ ಬಗ್ಗೆ ಹೇಳಲೇಬೇಕು. ಆ ನಾಡಿನ ಕೊಯ್ಲಿನ ಕಾಲ ಒದ್ದೆ. ತೆನೆ ಹೊಲದಲ್ಲಿ ಒಣಗುವುದಿಲ್ಲ. ಆದ್ದರಿಂದ ವಾಸದ ಮನೆಯೇ ತೆನೆ ಒಣಗಿಸುವ ಮನೆಯೂ ಆಗಿತ್ತು. ನಡುಕೋಣೆಯಲ್ಲಿ ಹೊಗೆಗೂಡಿಲ್ಲದ ದೊಡ್ಡ ಕಲ್ಲೊಲೆ, ಮೇಲೆ ಅಡ್ಡಗಳುಗಳ ಮೇಲೆ ಹರಡಿದ ರೈ ತೆನೆ, ಕೆಳಗೆ ಸಂಸಾರ. ಅದೇ ಹೊಗೆಯಲ್ಲಿ ಧಾನ್ಯ ಒಣಗಬೇಕು, ಅದೇ ಹೊಗೆಯಲ್ಲಿ ಮಕ್ಕಳು ಮಲಗಬೇಕು. ಪಕ್ಕದಲ್ಲಿ ಹೊಗೆಯ ಸೌನಾ, ಅಂದರೆ ಕಾದ ಕಲ್ಲಿನ ಮೇಲೆ ನೀರು ಎರಚಿ ಹಬೆಯಲ್ಲಿ ಮೀಯುವ ಮರದ ಗುಡಿಸಲು. ಸ್ನಾನವೂ ಅಲ್ಲೇ, ಹೆರಿಗೆಯೂ ಅಲ್ಲೇ, ಮಾಂಸಕ್ಕೆ ಹೊಗೆ ಕೊಡುವುದೂ ಅಲ್ಲೇ. ವಸ್ತ್‌ಸೆಲೀನಾ ಇರುವ ಈ ವೋರು ಸೀಮೆಯ ಹೊಗೆ ಸೌನಾ ಸಂಪ್ರದಾಯವನ್ನು ಯುನೆಸ್ಕೋ 2014ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಕೋಟೆ ಹಾಳಾಗಿ ಮುನ್ನೂರು ವರ್ಷ ಕಳೆದಿದೆ. ರೈತನ ಸೌನಾದಲ್ಲಿ ಶನಿವಾರ ಇಂದಿಗೂ ಬೆಂಕಿ ಹಾಕುತ್ತಾರೆ. ಇದನ್ನು ಓದಿದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಕಷ್ಟದ ಲೆಕ್ಕವೂ ದೊಡ್ಡದು. 1695ರಿಂದ 1697ರವರೆಗೆ ಮಳೆ, ಚಳಿ, ಬೆಳೆನಾಶ ಸೇರಿ ಎಸ್ಟೋನಿಯಾದ ಐದರಲ್ಲಿ ಒಂದು ಪಾಲು ಜನ ಸತ್ತರು. ಅದರ ಬೆನ್ನಿಗೇ ಯುದ್ಧ, 1710ರಲ್ಲಿ ಪ್ಲೇಗ್. ಜೀತ ರದ್ದಾದದ್ದು ಈ ಪ್ರಾಂತ್ಯದಲ್ಲಿ 1819ಕ್ಕೆ, ಅದೂ ನೆಲ ಕೊಡದೆ. ಆಳಿಗೆ ಬಿಡುಗಡೆ ಸಿಕ್ಕಿತು, ಹೊಲ ಒಡೆಯನದೇ ಉಳಿಯಿತು. ಅದೇ ಶತಮಾನದ ನಡುವಿನಿಂದ ರೈತರು ತಾವು ಉಳುತ್ತಿದ್ದ ನೆಲವನ್ನು ಕೊಳ್ಳತೊಡಗಿದರು. ದಕ್ಷಿಣ ಎಸ್ಟೋನಿಯಾದಲ್ಲಿ ಆ ದುಡ್ಡು ಹುಟ್ಟಿದ್ದು ಬಹುಪಾಲು ಅಗಸೆ ನಾರಿನ ವ್ಯಾಪಾರದಿಂದ. ಜರ್ಮನ್ ಜಮೀನುದಾರರ ಎಸ್ಟೇಟುಗಳನ್ನು ಒಡೆದು ಹಂಚಿದ್ದು ಸ್ವತಂತ್ರ ಎಸ್ಟೋನಿಯಾ, 1919ರ ಭೂಸುಧಾರಣೆ ಕಾನೂನಿನಲ್ಲಿ. 1342ರಲ್ಲಿ ಕಲ್ಲು ಹೊತ್ತವರ ವಂಶದವರಿಗೆ ಒಡೆಯರ ಎಸ್ಟೇಟುಗಳ ನೆಲ ಸಿಗಲು 577 ವರ್ಷ ಹಿಡಿಯಿತು.

ಗಡಿಯ ಆಚೆ ಇರುವವರೂ ಎಸ್ಟೋನಿಯನ್ನರೇ ಎಂದು ಕೇಳಿದೆ. ಹಾಗಿದ್ದರೆ ಈ ಗಡಿ ಯಾರ ನಡುವಿನದು?
– ಓದುಗರು, ಬೆಳಗಾವಿ

ಗಡಿಯ ಊರಿನವರಿಗೆ ಹೊಳೆಯುವ ಪ್ರಶ್ನೆ ಇದು. ಕೋಟೆಯ ಪೂರ್ವಕ್ಕಿರುವ ಸೀಮೆ ಸೆತೊ ಜನರದು. ಅವರ ಮಾತು ವಸ್ತ್‌ಸೆಲೀನಾದ ಮಾತಿಗೆ ತೀರ ಹತ್ತಿರ. ಆದರೆ ಅವರು ಶತಮಾನಗಳ ಕಾಲ ಪ್ಸ್ಕೋವಿನ ಆಳ್ವಿಕೆಯಲ್ಲಿದ್ದು ಆರ್ಥಡಾಕ್ಸ್ ಆದರು. ಈಚೆಯವರು ಮೊದಲು ಕ್ಯಾಥೊಲಿಕ್, ಆಮೇಲೆ ಲೂಥರನ್ ಆದರು. ಈಚೆಯವರ ನುಡಿಯಲ್ಲಿ 1686ರಲ್ಲೇ ಹೊಸ ಒಡಂಬಡಿಕೆ ಅಚ್ಚಾಯಿತು. ಆಚೆಯವರ ಹೆಂಗಸರು ಲೀಲೊ ಎಂಬ ಬಹುದನಿಯ ಹಾಡುಗಾರಿಕೆಯನ್ನು ಬಾಯಿಂದ ಬಾಯಿಗೆ ಉಳಿಸಿಕೊಂಡರು. ಅದು 2009ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ಕೋಟೆಯ ಗೋಡೆ ಉರುಳಿದರೂ, ಅದು ಕಾದ ಗೆರೆ ಒಂದೇ ನುಡಿಯ ಜನರ ಹಬ್ಬದಲ್ಲಿ, ಉಡುಗೆಯಲ್ಲಿ, ಸಾವಿನ ವಿಧಿಯಲ್ಲಿ ಇಂದಿಗೂ ಉಳಿದಿದೆ. ವಸ್ತ್‌ಸೆಲೀನಾದ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದೇ.

1920ರ ಫೆಬ್ರವರಿ 2ರ ತಾರ್ತು ಒಪ್ಪಂದದಲ್ಲಿ ಸೆತೊ ಸೀಮೆ ಮತ್ತು ಪೆಚೋರಿ ಪಟ್ಟಣ ಎಸ್ಟೋನಿಯಾಕ್ಕೆ ಬಂದವು. ಎರಡನೆಯ ಮಹಾಯುದ್ಧದ ಕೊನೆಗೆ ಸೋವಿಯತ್ ಆಡಳಿತ ಅದರ ಬಹುಭಾಗವನ್ನು ರಷ್ಯಕ್ಕೆ ಸೇರಿಸಿತು. ಆಗ ಅದು ನಕ್ಷೆಯ ಮೇಲಿನ ಆಡಳಿತದ ಗೆರೆ ಮಾತ್ರ. 1991ರಲ್ಲಿ ಎಸ್ಟೋನಿಯಾ ಮತ್ತೆ ಸ್ವತಂತ್ರವಾದಾಗ ಆ ಗೆರೆಯೇ ಎರಡು ದೇಶಗಳ ಗಡಿಯಾಯಿತು; ಸೆತೊ ಸಂಸಾರಗಳ ಮನೆ ಒಂದು ಕಡೆ, ಹಿರಿಯರ ಸಮಾಧಿ ಮತ್ತೊಂದು ಕಡೆ ಉಳಿದವು. ಗಡಿ ಒಪ್ಪಂದಕ್ಕೆ 2005ರಲ್ಲೂ 2014ರಲ್ಲೂ ಸಹಿ ಬಿತ್ತು, ಅಂಗೀಕಾರವಾಗಲಿಲ್ಲ.

ನಾನು ಟಾಲಿನ್‌ನಲ್ಲಿ ಕೆಲಸದಲ್ಲಿದ್ದೇನೆ. ಒಂದು ವಾರಾಂತ್ಯದಲ್ಲಿ ಹೋಗಿಬರಬಹುದೇ ಸರ್? ಏನೇನು ನೋಡಬೇಕು?
– ಕನ್ನಡಿಗ ಓದುಗ, ಟಾಲಿನ್

ಖಂಡಿತ ಹೋಗಿಬನ್ನಿ. ಟಾಲಿನ್‌ನಿಂದ ತಾರ್ತು, ಅಲ್ಲಿಂದ ವೋರು; ಎರಡನೆಯ ನಂಬರಿನ ಹೆದ್ದಾರಿ ಅಲ್ಲಿಯವರೆಗೂ ಒಯ್ಯುತ್ತದೆ. ವೋರುವಿನಿಂದ ಮುಂದಕ್ಕೆ ಸ್ವಂತ ಕಾರಿದ್ದರೆ ಅನುಕೂಲ. ಒಂದು ಎಚ್ಚರ: ವಸ್ತ್‌ಸೆಲೀನಾ ಎಂಬ ಹೆಸರಿನ ಸಣ್ಣ ಪೇಟೆ ಬೇರೆ, ಕೋಟೆಯಿರುವ ವಾನಾ-ವಸ್ತ್‌ಸೆಲೀನಾ ಬೇರೆ. ನಡುವೆ ಕೆಲವು ಕಿಲೋಮೀಟರ್ ಇದೆ.

ಕೋಟೆಯ ಪಕ್ಕದಲ್ಲೇ ಸಂದರ್ಶಕರ ಕೇಂದ್ರವಿದೆ. ಮಧ್ಯಯುಗದ ಯಾತ್ರೆ, ಊಟ, ಔಷಧ, ಸಾವು ಇವನ್ನೆಲ್ಲ ಅಲ್ಲಿ ಚೆನ್ನಾಗಿ ತೋರಿಸಿದ್ದಾರೆ. ಎದುರಿಗೆ ಪೀರಿ ಎಂಬ ಹಳೆಯ ಕಲ್ಲಿನ ಛತ್ರ-ಹೋಟೆಲಿನ ಕಟ್ಟಡ. ಗೋಪುರವನ್ನು ಹತ್ತಿರದಿಂದ ನೋಡಿದ ಮೇಲೆ ಕಣಿವೆಗಿಳಿದು ಕೆಳಗಿನಿಂದಲೂ ನೋಡಿ. ಮುತ್ತಿಗೆ ಹಾಕಲು ಬಂದವನ ಕಷ್ಟ ಆಗ ತಿಳಿಯುತ್ತದೆ. ಸಮಯವಿದ್ದರೆ ಪಿಯುಸಾ ದಂಡೆಯ ಹ್ಯಾರ್ಮಾ ಮರಳುಗಲ್ಲಿನ ಗೋಡೆಗೆ ಹೋಗಿ. ಸುಮಾರು 43 ಮೀಟರ್ ಎತ್ತರದ ಈ ಕೆಂಪು ಗೋಡೆ ಡೆವೋನಿಯನ್ ಎಂಬ ಭೂವೈಜ್ಞಾನಿಕ ಯುಗದ್ದು. ಇನ್ನೂ ಕೆಳಗೆ ಪಿಯುಸಾ ಗುಹೆಗಳಿವೆ. ಗಾಜು ತಯಾರಿಕೆಗಾಗಿ ಮರಳು ಅಗೆದದ್ದರಿಂದ ಆದವು. ಚಳಿಗಾಲದಲ್ಲಿ ಬಾವಲಿಗಳು ಅಲ್ಲಿ ನಿದ್ದೆಯಲ್ಲಿರುತ್ತವೆ, ಆಗ ಅವುಗಳನ್ನು ಕದಲಿಸಬಾರದು.

ಪೂರ್ವದ ಕಡೆ ಕಾಡಿನಲ್ಲಿ ಸುತ್ತಾಡುವಾಗ ಗಡಿಯ ಫಲಕಗಳನ್ನು ಗಮನಿಸಿ, ಗಡಿಕಂಬಗಳತ್ತ ಹೋಗಬೇಡಿ. ರಷ್ಯ ಅಲ್ಲಿಂದ ಕೆಲವೇ ಕಿಲೋಮೀಟರ್. ಗುರುತಿನ ಚೀಟಿ ಜೇಬಿನಲ್ಲಿರಲಿ. ಕೇಂದ್ರದ ವೇಳೆ ಋತುವಿಗೆ ತಕ್ಕಂತೆ ಬದಲಾಗುತ್ತದೆ, ಹೊರಡುವ ಮುನ್ನ ಫೋನ್ ಮಾಡಿ ವಿಚಾರಿಸಿ.